474 ಡಾಲರ್ ಟಿಕೆಟ್ 13 ಡಾಲರ್‌ಗೆ ಇಳಿದ ವಾರ: ಫುಟ್ಬಾಲ್ ಟಿಕೆಟ್ ಬೆಲೆ ಮತ್ತು ಖಾಲಿ ಕುರ್ಚಿಯ ಲೆಕ್ಕ

ಈ ಸಲ 401ಕೆ ಇಲ್ಲ, ಬಡ್ಡಿದರ ಇಲ್ಲ, ಇಂಡೆಕ್ಸ್ ಫಂಡ್ ಕೂಡ ಇಲ್ಲ. ಫುಟ್ಬಾಲ್ ಟಿಕೆಟ್ ಬಗ್ಗೆ ಬರೆಯುತ್ತಿದ್ದೇನೆ. ಕಾರಣ, ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ. ಅದು ಸಣ್ಣದೇ, ಆದರೆ ನನ್ನ ಮಗನ ಮಟ್ಟಿಗೆ ಸಣ್ಣದಾಗಿರಲಿಲ್ಲ.

2025ರ ಜುಲೈ ಮೊದಲ ವಾರ. ಅಮೆರಿಕದಲ್ಲಿ ಫಿಫಾ ಕ್ಲಬ್ ವಿಶ್ವಕಪ್ ನಡೆಯುತ್ತಿತ್ತು. ನಾವಿರುವುದು ನ್ಯೂಜೆರ್ಸಿಯಲ್ಲಿ. ಎರಡೂ ಸೆಮಿಫೈನಲ್ ಪಂದ್ಯಗಳು ಮತ್ತು ಫೈನಲ್ ನಮ್ಮ ಮೆಟ್‌ಲೈಫ್ ಸ್ಟೇಡಿಯಂನಲ್ಲೇ. ಹನ್ನೊಂದು ವರ್ಷದ ಮಗ ಬಂದು, "ಅಪ್ಪ, ಒಂದು ಸೆಮಿಫೈನಲ್‌ಗೆ ಹೋಗೋಣ" ಅಂದ. ಬೆಲೆ ನೋಡಿದೆ. ಸಾಮಾನ್ಯ ಟಿಕೆಟ್ ಒಂದಕ್ಕೆ 473.90 ಡಾಲರ್. ನಾಲ್ಕು ಜನಕ್ಕೆ 1,895.60 ಡಾಲರ್. ಇಲ್ಲ ಅಂದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಈ ಬ್ಲಾಗ್ ಬರೆಯುವವನ ಮಗನಾಗಿ ಹುಟ್ಟಿದ ತಪ್ಪಿಗೆ ಅವನಿಗೆ ಅರ್ಧ ಗಂಟೆ ಪಾಠವೂ ಆಯಿತು. ಆ ದುಡ್ಡನ್ನು ಅವನ ಕಾಲೇಜಿನ 529 ಖಾತೆಗೆ ಹಾಕಿದರೆ ಏಳು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ತಲೆಯಾಡಿಸಿ ಒಳಗೆ ಹೋದ.

ಜುಲೈ 4ರ ರಜೆಗೆ ನಾವು ಊರು ಬಿಟ್ಟು ಹೋದೆವು. ಮಂಗಳವಾರ, ಜುಲೈ 8, ಆಫೀಸಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಸ್ಟೇಡಿಯಂ ಒಳಗಿನಿಂದ ಫೋಟೋ ಕಳಿಸಿದರು. ಚೆಲ್ಸಿ ಮತ್ತು ಫ್ಲುಮಿನೆನ್ಸಿ ಪಂದ್ಯ. ಕೆಳಗೆ ಒಂದು ಸಾಲು: ಟಿಕೆಟ್ 13.40 ಡಾಲರ್‌ಗೆ ಸಿಕ್ಕಿತು ಅಂತ. ನಾಲ್ಕು ಜನಕ್ಕೆ 53.60 ಡಾಲರ್. ಸಂಜೆ ಮನೆಗೆ ಬಂದಾಗ ಮಗ ಪಂದ್ಯವನ್ನು ಟಿವಿಯಲ್ಲಿ ನೋಡಿ ಮುಗಿಸಿದ್ದ. ಜೊವಾವ್ ಪೆಡ್ರೊ ತಾನು ಚಿಕ್ಕಂದಿನಲ್ಲಿ ಆಡಿ ಬೆಳೆದ ಕ್ಲಬ್ಬಿನ ವಿರುದ್ಧವೇ ಎರಡು ಗೋಲು ಹೊಡೆದು, ಸಂಭ್ರಮಿಸದೆ ಸುಮ್ಮನೆ ನಿಂತಿದ್ದನ್ನು ಹೇಳಿದ. ಆಮೇಲೆ ಮೆಲ್ಲಗೆ, "ಅಪ್ಪ, ಹದಿಮೂರು ಡಾಲರ್ ಆಗಿತ್ತಂತೆ" ಅಂದ. ಅವನಿಗೆ ಕೋಪವೇನೂ ಇರಲಿಲ್ಲ. ಅದೇ ನನಗೆ ಚುಚ್ಚಿತು.

ಒಂದೇ ಕುರ್ಚಿ, ಒಂದೇ ಪಂದ್ಯ. ಬೆಲೆ ಮಾತ್ರ ಒಂದು ವಾರದೊಳಗೆ ಮೂವತ್ತೈದರಲ್ಲಿ ಒಂದು ಭಾಗಕ್ಕೆ ಇಳಿಯಿತು. ಇದು ಹೇಗಾಗುತ್ತದೆ? ಬೆಲೆಗೂ ಬರುವ ಜನಕ್ಕೂ ನಿಜವಾದ ಸಂಬಂಧ ಏನು?

ಸಂಜೆಯ ಸೊಪ್ಪು

ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಒಂದು ಕಟ್ಟು ಹತ್ತು ರೂಪಾಯಿ ಅಂದರೆ ಹತ್ತೇ. ಕತ್ತಲಾಗುವ ಹೊತ್ತಿಗೆ ಹತ್ತಕ್ಕೆ ಮೂರು ಕಟ್ಟು. ನಾಳೆಗೆ ಅದು ಬಾಡುತ್ತದೆ, ಮಾರದೆ ಉಳಿದ ಕಟ್ಟಿಗೆ ಬೆಲೆಯೇ ಇಲ್ಲ.

ಸ್ಟೇಡಿಯಂ ಕುರ್ಚಿಯೂ ಹಾಗೆಯೇ. ರೆಫರಿ ಸೀಟಿ ಊದಿದ ಮೇಲೆ ಖಾಲಿ ಕುರ್ಚಿಯ ಬೆಲೆ ಸೊನ್ನೆ. ಇನ್ನೊಬ್ಬನನ್ನು ಕೂರಿಸಲು ಆಗುವ ಹೆಚ್ಚುವರಿ ಖರ್ಚೂ ಹೆಚ್ಚು ಕಡಿಮೆ ಸೊನ್ನೆ. ಇದನ್ನು ವಿಮಾನ ಕಂಪನಿಗಳು ಮತ್ತು ಹೋಟೆಲ್‌ಗಳು ಬಹಳ ಹಿಂದೆಯೇ ಅರ್ಥ ಮಾಡಿಕೊಂಡು, ಬೇಡಿಕೆ ನೋಡಿ ಬೆಲೆ ಏರಿಳಿಸುವ ಪದ್ಧತಿ ತಂದವು. ಅದೇ ಡೈನಾಮಿಕ್ ಪ್ರೈಸಿಂಗ್. ಕ್ಲಬ್ ವಿಶ್ವಕಪ್‌ನಲ್ಲಿ ಫಿಫಾ ಬಳಸಿದ್ದು ಇದನ್ನೇ.

ಆದರೆ ಅಜ್ಜಿಗೆ ಗೊತ್ತಿರುವ ಇನ್ನೊಂದು ವಿಷಯವಿದೆ. ದಿನಾ ಸಂಜೆ ಬೆಲೆ ಇಳಿಸಿದರೆ ಬೆಳಗಿನ ಗಿರಾಕಿಗಳೂ ಸಂಜೆಗೆ ಕಾಯುವುದನ್ನು ಕಲಿಯುತ್ತಾರೆ. ಮೊದಲೇ ಪೂರ್ತಿ ಬೆಲೆ ಕೊಟ್ಟವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಕೊನೆಯ ಗಳಿಗೆಯ ರಿಯಾಯಿತಿಯಿಂದ ಈ ಸಲ ಒಂದಿಷ್ಟು ಕುರ್ಚಿ ತುಂಬಬಹುದು. ಮುಂದಿನ ಸಲ ಬೇಗ ಕೊಳ್ಳುವವರು ಕಡಿಮೆಯಾಗುತ್ತಾರೆ.

ಬೆಲೆ ಒಂದೇ ಅಲ್ಲ

ಬೆಲೆ ಇಳಿಸಿದರೆ ಜನ ಬರುತ್ತಾರೆ ಅನ್ನುವುದು ಅರ್ಧ ಸತ್ಯ. ಅದೇ ಟೂರ್ನಿಯ ಕೆಲವು ಅಂಕಿಗಳನ್ನು ನೋಡಿ.

ಲಾಸ್ ಏಂಜಲಿಸ್ ಬಳಿಯ ರೋಸ್ ಬೌಲ್‌ನಲ್ಲಿ ಭಾನುವಾರ ಪಿಎಸ್‌ಜಿ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್ ಆಡಿದಾಗ ಸುಡುವ ಬಿಸಿಲಲ್ಲೂ ಬಂದವರು 80,619 ಜನ. ಮರುದಿನ ಸೋಮವಾರ ಮಧ್ಯಾಹ್ನ ಅಟ್ಲಾಂಟಾದಲ್ಲಿ ಚೆಲ್ಸಿ ಆಡಿದಾಗ ಸುಮಾರು 71,000 ಜನ ಹಿಡಿಸುವ ಸ್ಟೇಡಿಯಂಗೆ ಬಂದವರು 22,137. ಒರ್ಲಾಂಡೊದಲ್ಲಿ ಕೊರಿಯಾದ ಉಲ್ಸಾನ್ ಮತ್ತು ದಕ್ಷಿಣ ಆಫ್ರಿಕಾದ ಮಮೆಲೋಡಿ ಸನ್‌ಡೌನ್ಸ್ ಆಡಿದ ಪಂದ್ಯಕ್ಕೆ 3,412 ಮಾತ್ರ.

ಅಂದರೆ ಯಾರು ಆಡುತ್ತಿದ್ದಾರೆ, ಯಾವ ವಾರ, ಎಷ್ಟು ಗಂಟೆಗೆ, ಎಷ್ಟು ದೂರ, ಇವೆಲ್ಲ ಬೆಲೆಯಷ್ಟೇ ಮುಖ್ಯ.

ನಾವು ತಪ್ಪಿಸಿಕೊಂಡ ಆ ಸೆಮಿಫೈನಲ್‌ಗೆ ಬಂದವರು 70,556 ಜನ. ಮೆಟ್‌ಲೈಫ್‌ನಲ್ಲಿ ಸುಮಾರು 82,500 ಕುರ್ಚಿಗಳಿವೆ. ಹದಿಮೂರು ಡಾಲರ್‌ಗೂ ಹನ್ನೆರಡು ಸಾವಿರದಷ್ಟು ಕುರ್ಚಿ ತುಂಬಲಿಲ್ಲ! ಯಾಕೆ? ಅದು ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಟಿಕೆಟ್ ಹದಿಮೂರಾದರೂ ನನ್ನಂಥವನಿಗೆ ಅರ್ಧ ದಿನದ ರಜೆ, ಸಿಕಾಕಸ್‌ನಲ್ಲಿ ಬದಲಾಯಿಸಿ ಹೋಗುವ ರೈಲು ಅಥವಾ ಪಾರ್ಕಿಂಗ್, ಊಟ, ಎಲ್ಲ ಸೇರಬೇಕು. ಮೇಲಾಗಿ ಬೆಲೆ ಇಳಿದದ್ದು ರಜೆಯ ವಾರಾಂತ್ಯದಲ್ಲಿ. ಒಂದು ತಿಂಗಳ ಹಿಂದೆ ನೂರು ಡಾಲರ್ ಅಂದಿದ್ದರೆ ರಜೆ ಹಾಕಿ ಬರುತ್ತಿದ್ದವನು, ಎರಡು ದಿನದ ಹಿಂದೆ ಹದಿಮೂರು ಅಂದಾಗ ಬರಲಾಗುವುದಿಲ್ಲ. ಟಿಕೆಟ್‌ನ ಮೇಲೆ ಅಚ್ಚಾದ ಬೆಲೆ ಒಟ್ಟು ಬೆಲೆಯ ಒಂದು ಭಾಗ ಮಾತ್ರ. ಸಮಯವೂ ಬೆಲೆಯೇ.

ಗೇಟಿನ ಲೆಕ್ಕ, ಪೂರ್ತಿ ಲೆಕ್ಕ

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅನ್ನುವ ಪದ ನೆನಪಿರಬಹುದು. ನಾವು ಉರು ಹೊಡೆದು ಮರೆತ ಪದ. ಅರ್ಥ ಇಷ್ಟೇ: ಬೆಲೆ ಏರಿದಾಗ ಕೊಳ್ಳುವವರು ಎಷ್ಟು ಕಡಿಮೆಯಾಗುತ್ತಾರೆ?

ಒಂದು ಕಲ್ಪಿತ ಉದಾಹರಣೆ ಮಾಡೋಣ. 50,000 ಜನ ಹಿಡಿಸುವ ಸ್ಟೇಡಿಯಂ.

ಟಿಕೆಟ್ 100 ಡಾಲರ್ ಇಟ್ಟರೆ 20,000 ಜನ ಬರುತ್ತಾರೆ. ಗಳಿಕೆ 20 ಲಕ್ಷ ಡಾಲರ್.
ಟಿಕೆಟ್ 50 ಡಾಲರ್ ಇಟ್ಟರೆ 35,000 ಜನ ಬರುತ್ತಾರೆ. ಗಳಿಕೆ 17.5 ಲಕ್ಷ ಡಾಲರ್.

ಗೇಟಿನ ಲೆಕ್ಕ ಮಾತ್ರ ನೋಡಿದರೆ 100 ಡಾಲರ್ ಸರಿ. ಆದರೆ ಒಳಗೆ ಬಂದ ಪ್ರತಿಯೊಬ್ಬರೂ ಪಾರ್ಕಿಂಗ್, ಹಾಟ್‌ಡಾಗ್, ಜೆರ್ಸಿ ಅಂತ ಸರಾಸರಿ 30 ಡಾಲರ್ ಖರ್ಚು ಮಾಡುತ್ತಾರೆ ಅಂದುಕೊಳ್ಳಿ. ಈಗ ಮೊದಲನೆಯದು 26 ಲಕ್ಷ, ಎರಡನೆಯದು 28 ಲಕ್ಷ. ಕಡಿಮೆ ಬೆಲೆಯೇ ಗೆದ್ದಿತು. ತುಂಬಿದ ಸ್ಟೇಡಿಯಂ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅದರಿಂದ ಪ್ರಸಾರದ ಹಕ್ಕಿಗೆ ಬೆಲೆ ಬರುತ್ತದೆ. ಇವತ್ತು ಬಂದ ಹುಡುಗ ಮುಂದಿನ ಮೂವತ್ತು ವರ್ಷದ ಗಿರಾಕಿ. ಇವೆರಡನ್ನೂ ನಾನು ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಕ್ರೀಡೆಯ ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿರುವುದೂ ಇದನ್ನೇ. ಎಷ್ಟೋ ತಂಡಗಳು ಗೇಟಿನಿಂದ ಗರಿಷ್ಠ ಹಣ ತರುವ ಬೆಲೆಗಿಂತ ಕಡಿಮೆ ಬೆಲೆಯನ್ನೇ ಇಡುತ್ತವೆ. ಅದರಲ್ಲಿ ದಾನಧರ್ಮ ಇರಬೇಕಾಗಿಲ್ಲ, ಲೆಕ್ಕವೇ ಸಾಕು.

ಸ್ಟೇಡಿಯಂ ತುಂಬಿದ್ದರೂ ಸಮಸ್ಯೆ ಇರಬಹುದು

ಹಾಗಾದರೆ ಬೆಲೆ ಏರಿಸಿದರೆ ಸ್ಟೇಡಿಯಂ ಖಾಲಿಯಾಗಲೇಬೇಕಲ್ಲ? ಇಂಗ್ಲೆಂಡ್ ನೋಡಿದರೆ ಹಾಗಿಲ್ಲ. 1989ರಲ್ಲಿ ಹಿಲ್ಸ್‌ಬರೊ ದುರಂತದಲ್ಲಿ 97 ಅಭಿಮಾನಿಗಳು ಜೀವ ಕಳೆದುಕೊಂಡರು. 1990ರ ಟೇಲರ್ ವರದಿಯ ನಂತರ ದೊಡ್ಡ ಕ್ಲಬ್ಬುಗಳ ಸ್ಟೇಡಿಯಂಗಳಲ್ಲಿ ನಿಂತು ನೋಡುವ ಜಾಗ ಹೋಗಿ ಎಲ್ಲ ಕಡೆ ಕುರ್ಚಿ ಬಂತು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಯಿತು. ಅಲ್ಲಿಂದ ಬೆಲೆ ಏರುತ್ತಲೇ ಹೋದರೂ ಜನ ಕಡಿಮೆಯಾಗಲಿಲ್ಲ. ಇವತ್ತಿಗೂ ಅಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಕುರ್ಚಿಗಳು ತುಂಬುತ್ತವೆ. ತಂದೆ ಮೊಮ್ಮಕ್ಕಳ ಕಾಲದಿಂದ ಬಂದ ಕ್ಲಬ್ಬನ್ನು ಬೆಲೆ ಜಾಸ್ತಿ ಅಂತ ಯಾರೂ ಬದಲಾಯಿಸುವುದಿಲ್ಲ. ಒಬ್ಬ ಬಿಟ್ಟರೆ ಆ ಜಾಗಕ್ಕೆ ಕಾಯುವವರು ಸಾಲಾಗಿ ನಿಂತಿರುತ್ತಾರೆ.

ಇಲ್ಲಿ ಹಾಜರಾತಿಯ ಅಂಕಿ ನಮಗೆ ಏನನ್ನೂ ಹೇಳುವುದಿಲ್ಲ. ಎಷ್ಟು ಜನ ಬಂದರು ಅನ್ನುವುದು ಬದಲಾಗದೆ, ಯಾರು ಬಂದರು ಅನ್ನುವುದು ಬದಲಾಗಿರುತ್ತದೆ. ಪಕ್ಕದ ಬೀದಿಯ ಹುಡುಗ ಹೋಗಿ, ವರ್ಷಕ್ಕೊಮ್ಮೆ ವಿಮಾನದಲ್ಲಿ ಬರುವ ಪ್ರವಾಸಿ ಬಂದಿರುತ್ತಾನೆ.

2016ರ ಫೆಬ್ರವರಿ 6ರಂದು ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ನಡೆದದ್ದು ಇದಕ್ಕೇ. ಹೊಸ ಋತುವಿಗೆ ಅತಿ ದುಬಾರಿ ಟಿಕೆಟ್ 77 ಪೌಂಡ್ ಆಗಲಿದೆ ಅಂದಾಗ, ಸುಮಾರು ಹತ್ತು ಸಾವಿರ ಅಭಿಮಾನಿಗಳು 77ನೇ ನಿಮಿಷಕ್ಕೆ ಎದ್ದು ಹೊರಗೆ ನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಪಂದ್ಯ 2-2ರಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಏರಿಕೆಯನ್ನು ಕೈಬಿಟ್ಟರು. ಅದೇ ವರ್ಷ ಪ್ರೀಮಿಯರ್ ಲೀಗ್ ಕ್ಲಬ್ಬುಗಳು, ಬೇರೆ ಊರಿನಿಂದ ಬರುವ ಎದುರಾಳಿ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಿಕೊಂಡವು. ಅವರ ಗದ್ದಲವಿಲ್ಲದ ಪಂದ್ಯ ಟಿವಿಯಲ್ಲಿ ಸಪ್ಪೆ. 2025ರಿಂದ ನಾಲ್ಕು ಋತುಗಳಿಗೆ ಬ್ರಿಟನ್ ಒಳಗಿನ ಪ್ರಸಾರದ ಹಕ್ಕೇ 6.7 ಬಿಲಿಯನ್ ಪೌಂಡ್‌ಗೆ ಹೋಗಿರುವಾಗ, ಆ ಗದ್ದಲಕ್ಕೂ ಒಂದು ಬೆಲೆ ಇದೆ.

ಜರ್ಮನಿ ಇನ್ನೊಂದು ದಾರಿ ಹಿಡಿಯಿತು. ಡಾರ್ಟ್‌ಮಂಡ್ ಸ್ಟೇಡಿಯಂನಲ್ಲಿ 81,365 ಜನ ಹಿಡಿಸುತ್ತಾರೆ, ಅದರಲ್ಲಿ ದಕ್ಷಿಣದ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತೇ ನೋಡುತ್ತಾರೆ. ನಿಲ್ಲುವ ಟಿಕೆಟ್ 20 ಯೂರೋ ಆಸುಪಾಸು. ಯುರೋಪಿನಲ್ಲೇ ಅತಿ ಹೆಚ್ಚು ಜನ ಬರುವ ಸ್ಟೇಡಿಯಂಗಳಲ್ಲಿ ಅದೂ ಒಂದು. ಅಲ್ಲಿನ 50+1 ನಿಯಮದಿಂದಾಗಿ ಹೆಚ್ಚಿನ ಕ್ಲಬ್ಬುಗಳಲ್ಲಿ ಮತದ ಬಹುಮತ ಸದಸ್ಯರ ಕೈಯಲ್ಲಿದೆ. ಟಿಕೆಟ್ ಕೊಳ್ಳುವವರೇ ಮತ ಹಾಕುವವರಾದಾಗ ಬೆಲೆ ಏರಿಸುವುದು ಸುಲಭವಲ್ಲ.

ಈ ಬೇಸಿಗೆಗೆ ನನ್ನ ಲೆಕ್ಕ

ಜೂನ್ 11ರಿಂದ ಇಲ್ಲಿ ವಿಶ್ವಕಪ್. ಫೈನಲ್ ಕೂಡ ಮೆಟ್‌ಲೈಫ್‌ನಲ್ಲೇ, ಜುಲೈ 19ಕ್ಕೆ. ಮಾರಾಟ ಶುರುವಾದಾಗ ಬೆಲೆ 60 ಡಾಲರ್‌ನಿಂದ 6,730 ಡಾಲರ್ ತನಕ ಇತ್ತು. ಇದೇ ಮೊದಲ ಸಲ ವಿಶ್ವಕಪ್‌ನಲ್ಲೂ ಬೇಡಿಕೆ ನೋಡಿ ಬೆಲೆ ಬದಲಾಗುತ್ತಿದೆ. ಅಭಿಮಾನಿ ಸಂಘಗಳು ಪ್ರತಿಭಟಿಸಿದ ಮೇಲೆ 2025ರ ಡಿಸೆಂಬರ್‌ನಲ್ಲಿ ಪ್ರತಿ ಪಂದ್ಯಕ್ಕೂ ಸ್ವಲ್ಪ 60 ಡಾಲರ್ ಟಿಕೆಟ್‌ಗಳನ್ನು ಸೇರಿಸಿದರು, ಆದರೆ ಅವು ಆಯಾ ದೇಶದ ಫುಟ್ಬಾಲ್ ಸಂಸ್ಥೆಗಳ ಮೂಲಕ ನಿಷ್ಠಾವಂತ ಅಭಿಮಾನಿಗಳಿಗೆ. ನಮಗೆ ಸಿಗುವುದು ಕಷ್ಟ.

ಕೆಲವು ಓದುಗರು ಈಗ ಕೊಳ್ಳಬೇಕೋ, ಕಾಯಬೇಕೋ ಅಂತ ಕೇಳಿದ್ದೀರಿ. ನಾನು ಮಾಡುತ್ತಿರುವುದು ಇದು.

ಮೊದಲು ನಮ್ಮ ಬೆಲೆ, ಆಮೇಲೆ ಅವರ ಬೆಲೆ. ಒಂದು ಪಂದ್ಯ ನಮಗೆ ಎಷ್ಟಕ್ಕೆ ಸರಿ ಅಂತ ವೆಬ್‌ಸೈಟ್ ತೆರೆಯುವ ಮುಂಚೆ ಬರೆದಿಟ್ಟೆ. ಅದರಲ್ಲಿ ರೈಲು, ಊಟ, ರಜೆ ಎಲ್ಲ ಸೇರಿದೆ.

13 ಡಾಲರ್ ಕಥೆಯನ್ನು ನಿಯಮ ಅಂದುಕೊಳ್ಳಬೇಡಿ. ಮರುದಿನ ಅದೇ ಸ್ಟೇಡಿಯಂನಲ್ಲಿ ರಿಯಲ್ ಮ್ಯಾಡ್ರಿಡ್ ಆಡಿದ ಸೆಮಿಫೈನಲ್‌ನ ಬೆಲೆ ಆ ಮಟ್ಟಕ್ಕೆ ಇಳಿಯಲೇ ಇಲ್ಲ. ಬ್ರೆಜಿಲ್, ಅರ್ಜೆಂಟೀನಾದಂಥ ತಂಡಗಳಿಗೆ ಕಾಯುವುದು ಜೂಜು. ಹೆಸರು ಕೇಳದ ತಂಡ, ಕೆಲಸದ ದಿನ, ದೊಡ್ಡ ಸ್ಟೇಡಿಯಂ, ಈ ಮೂರೂ ಸೇರಿದರೆ ಕಾಯುವುದಕ್ಕೆ ಅರ್ಥವಿದೆ.

ಈಗ ಕೊಂಡು ಆಮೇಲೆ ಲಾಭಕ್ಕೆ ಮಾರುವ ಯೋಚನೆ ಇದ್ದರೆ ಬಿಡಿ. ಫಿಫಾದ ಮರುಮಾರಾಟ ವೇದಿಕೆಯಲ್ಲಿ ಇಲ್ಲಿ ಮಾರುವವರಿಂದ ನೂರಕ್ಕೆ 15, ಕೊಳ್ಳುವವರಿಂದ ನೂರಕ್ಕೆ 15 ಶುಲ್ಕ ಹಿಡಿಯುತ್ತಾರೆ. ನೀವು 200 ಡಾಲರ್‌ಗೆ ಕೊಂಡದ್ದನ್ನು 200ಕ್ಕೇ ಮಾರಿದರೆ ಕೈಗೆ ಬರುವುದು 170.

ಕೊನೆಯದು, ನನಗೇ ಹೇಳಿಕೊಂಡದ್ದು. 474 ಡಾಲರ್‌ಗೆ ಇಲ್ಲ ಅಂದದ್ದು ತಪ್ಪಲ್ಲ, ಇವತ್ತೂ ಇಲ್ಲವೇ ಅನ್ನುತ್ತೇನೆ. ಒಮ್ಮೆ ಇಲ್ಲ ಅಂದ ಮೇಲೆ ಮತ್ತೆ ತಿರುಗಿ ನೋಡದೆ ಇದ್ದದ್ದು ತಪ್ಪು. ಷೇರಿನ ಬೆಲೆ ದಿನಾ ಬದಲಾಗುತ್ತದೆ ಅಂತ ಇಲ್ಲಿ ವರ್ಷಗಳಿಂದ ಬರೆಯುವ ನಾನು, ಟಿಕೆಟ್‌ನ ಬೆಲೆ ಕಲ್ಲಿನ ಮೇಲೆ ಕೆತ್ತಿದ್ದು ಅಂದುಕೊಂಡಿದ್ದೆ.

ಮಗನಿಗೆ ಹಾಲಂಡ್ ಆಡುವುದನ್ನು ನೋಡಬೇಕು. ಜೂನ್ 22, ನಾರ್ವೆ ಮತ್ತು ಸೆನೆಗಲ್, ಮೆಟ್‌ಲೈಫ್. ಅದು ಸೋಮವಾರ. ರಜೆಗೆ ಈಗಲೇ ಬರೆದುಕೊಟ್ಟಿದ್ದೇನೆ. ಈ ಸಲ ನಾಲ್ಕು ಜನ ಅಲ್ಲ, ನಾವಿಬ್ಬರೇ. ಫ್ರಿಜ್ ಮೇಲೆ ಒಂದು ಚೀಟಿಯಲ್ಲಿ ನಮ್ಮ ಗರಿಷ್ಠ ಬೆಲೆ ಬರೆದು ಅಂಟಿಸಿದ್ದೇವೆ. ಬೆಲೆ ನೋಡುವ ಕೆಲಸ ಅವನದು, ದಿನಕ್ಕೊಂದು ಸಲ. ಸದ್ಯಕ್ಕೆ ಅದು ನಮ್ಮ ಚೀಟಿಗಿಂತ ಮೇಲೇ ಇದೆ.