ಕನ್ನಡಕ ಬಿಡಿಸುವ ಲೇಸರ್: ಹಿಂಡುವವರು ಯಾರೆಂದು ಮೊದಲೇ ಗೊತ್ತು ಮಾಡಿ



ಹಿಂಡುವಾಗ ಕನ್ನಡಕ ಬೆವರಿಗೆ ಜಾರುವುದು, ಎಮ್ಮೆ ತಲೆ ಕೊಡವಿದರೆ ಹಾರಿ ಬೀಳುವುದು ನಿಮ್ಮಲ್ಲಿ ಕನ್ನಡಕ ಹಾಕುವವರಿಗೆಲ್ಲ ಗೊತ್ತು. ಲೇಸರ್ ಮಾಡಿಸಿದರೆ ಕನ್ನಡಕ ಬಿಡಬಹುದಂತೆ ಎಂದು ನೀವೂ ಕೇಳಿರುತ್ತೀರಿ. ಬಿಡಬಹುದು, ನಿಜ. ಆದರೆ ಆಸ್ಪತ್ರೆಯಲ್ಲಿ ಕೊಡುವ ಎಚ್ಚರಿಕೆಯ ಚೀಟಿಯಲ್ಲಿ ಎಮ್ಮೆಯ ಬಾಲದ ಮಾತು ಇರುವುದಿಲ್ಲ.

ಇದು ಪೊರೆಯ ಶಸ್ತ್ರಚಿಕಿತ್ಸೆ ಎಂದು ತಿಳಿಯಬೇಡಿ. ಹಿಂದೆ ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರ ಶಿಬಿರಗಳಲ್ಲಿ ಮಾಡುತ್ತಿದ್ದದ್ದು ಪೊರೆಯದು. ಲೇಸರ್‌ನಲ್ಲಿ ಕಣ್ಣಿನ ಮುಂಭಾಗದ ತಿಳಿ ಪದರವಾದ ಕಾರ್ನಿಯಾದ ಆಕಾರ ತಿದ್ದುತ್ತಾರೆ. 1981ರಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿದ್ದ ಭಾರತ ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಮೇಲೆ ಎಕ್ಸೈಮರ್ ಲೇಸರ್ ಬಿಟ್ಟು ನೋಡಿದರು. ಸುತ್ತಲಿನ ಭಾಗ ಸುಡದೆ ನಯವಾಗಿ ಕತ್ತರಿಸಿತು. ಇಂದಿನ ಲೇಸಿಕ್‌ಗೆ ಅದೇ ಬುನಾದಿ.

ಮಾಡಿಸಿಕೊಳ್ಳಲು 18 ವರ್ಷ ತುಂಬಿರಬೇಕು, ಒಂದು ವರ್ಷವಾದರೂ ನಂಬರ್ ಬದಲಾಗಿರಬಾರದು. ಬಸುರಿಯರು, ಮಗುವಿಗೆ ಹಾಲೂಡಿಸುವವರು ಕಾಯಬೇಕು. ಕಾರ್ನಿಯಾ ತೆಳುವಾಗಿದೆ, ಬೇಡ ಎಂದು ವೈದ್ಯರು ಹೇಳಿದರೆ, ಹೂಂ ಎನ್ನುವ ಇನ್ನೊಬ್ಬರನ್ನು ಹುಡುಕುತ್ತ ಅಲೆಯಬೇಡಿ. 40 ದಾಟಿದ ಮೇಲೆ ಚಾಳೀಸು ಹೇಗೂ ಬರುತ್ತದೆ. ಡೇರಿ ಪುಸ್ತಕದ ಫ್ಯಾಟ್ ಓದಲು ಆಗ ಕನ್ನಡಕ ಬೇಕೇ ಬೇಕು.

ಬೆಳಗಾವಿಗೆ ಹೋಗಿ, ಸವದತ್ತಿ ಮೇಲೆ ಹುಬ್ಬಳ್ಳಿಗೆ ಹೋಗಿ, ವೈದ್ಯರಿಗೆ ಒಂದು ಮಾತು ಹೇಳಲೇಬೇಕು: ‘ನಾನು ದಿನಾ ಎರಡು ಹೊತ್ತು ಎಮ್ಮೆ ಹಿಂಡ್ತೀನ್ರಿ.’ ಲೇಸಿಕ್‌ನಲ್ಲಿ ಕಾರ್ನಿಯಾದ ತೆಳು ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚುತ್ತಾರೆ. ಹೊಲಿಗೆ ಹಾಕುವುದಿಲ್ಲ. ಜೋರು ಪೆಟ್ಟು ಬಿದ್ದರೆ ಆ ಮುಚ್ಚಳ ವರ್ಷಗಳ ನಂತರವೂ ಸರಿಯಬಹುದು. ಪಿಆರ್‌ಕೆ ಎಂಬ ವಿಧಾನದಲ್ಲಿ ಮುಚ್ಚಳವೇ ಇಲ್ಲ. ಮೂರ್ನಾಲ್ಕು ದಿನ ನೋವು ಹೆಚ್ಚು, ದೃಷ್ಟಿ ತಿಳಿಯಾಗಲು ವಾರಗಳೇ ಬೇಕು. ಆದರೂ ಬಾಲ, ಕೊಂಬುಗಳ ನಡುವೆ ದುಡಿಯುವವರಿಗೆ ಅದೇ ವಾಸಿ ಎಂದು ನಮಗನಿಸುತ್ತದೆ. ನಿಮ್ಮ ಕಣ್ಣಿಗೆ ಯಾವುದು ಹೊಂದುತ್ತದೆಂದು ವೈದ್ಯರೇ ಹೇಳಬೇಕು.

ಶಸ್ತ್ರಚಿಕಿತ್ಸೆಗೆ ಅಂಜಬೇಡಿ. ಮರಗಟ್ಟಿಸುವ ಹನಿ ಹಾಕುತ್ತಾರೆ, ರೆಪ್ಪೆ ಮುಚ್ಚದಂತೆ ಹಿಡಿದಿಡುತ್ತಾರೆ, ನೀವು ಬೆಳಕನ್ನೇ ನೋಡುತ್ತಿರಬೇಕು. ಸುಟ್ಟಂಥ ವಾಸನೆ ಬರಬಹುದು. ಎರಡೂ ಕಣ್ಣಿಗೆ ಅರ್ಧ ಗಂಟೆ ಸಾಕು. ಆ ದಿನ ಮರಳು ಬಿದ್ದಂತೆ ಉರಿ, ನೀರು.

ಲೇಸಿಕ್ ಆದವರಿಗೆ ಹೆಚ್ಚಾಗಿ ಮರುದಿನವೇ ಚೆನ್ನಾಗಿ ಕಾಣತೊಡಗುತ್ತದೆ. ಕಷ್ಟ ಶುರುವಾಗುವುದೇ ಆಗ. ಕಾಣ್ತದಲ್ಲ ಎಂದು ಚರಿಗೆ ಹಿಡಿದು ಕೊಟ್ಟಿಗೆಗೆ ನಡೆಯಬೇಡಿ. ಕಣಿಕೆ ಕತ್ತರಿಸುವ ಧೂಳು, ಒಲೆಯ ಹೊಗೆ, ಹೆಂಡಿ ಬಳಿದ ಕೈ, ಇವೆಲ್ಲ ಹಸಿ ಕಣ್ಣಿಗೆ ವೈರಿಗಳು. ಎರಡು ವಾರವಾದರೂ ಕೊಟ್ಟಿಗೆ ಬಿಡುವ ಲೆಕ್ಕ ಇಟ್ಟುಕೊಳ್ಳಿ. ಆಮೇಲೂ ಕಣ್ಣು ಪೂರ್ತಿ ಮುಚ್ಚುವ ಗಾಗಲ್ ಹಾಕಿ. ಮೊದಲ ವಾರ ಕಣ್ಣಿಗೆ ನೀರು ತಾಗಬಾರದು, ನಿದ್ದೆಯಲ್ಲಿ ಉಜ್ಜದಂತೆ ರಾತ್ರಿ ಕವಚ ಕಟ್ಟಿಕೊಳ್ಳಬೇಕು. ತಿಂಗಳ ತನಕ ಕಣ್ಣು ಉಜ್ಜಲೇಬಾರದು. ನಸುಕಿನಲ್ಲಿ ಬಲ್ಬಿನ ಸುತ್ತ ಬಳೆಯಂತೆ ಕಾಣುವುದು, ಕಣ್ಣು ಒಣಗುವುದು ಕೆಲವು ತಿಂಗಳು ಇರಬಹುದು.

ಹೀಗಾಗಿ ತಾರೀಖು ಗೊತ್ತು ಮಾಡುವಾಗ ಎಮ್ಮೆಯನ್ನೂ ಕೇಳಿ! ಈಯುವ ಮುಂಚೆ ಹಾಲು ಬತ್ತಿಸುವ ಎರಡು ತಿಂಗಳು ಸಿಕ್ಕರೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಇಲ್ಲವಾದರೆ ನೆಗೆಣ್ಣಿಯೋ ಅತ್ತೆಯೋ, ಯಾರು ಹಿಂಡುತ್ತಾರೋ ಅವರು ವಾರ ಮೊದಲೇ ನಿಮ್ಮ ಜೊತೆ ಕೂತು ಹಿಂಡಲಿ. ಹೊಸ ಕೈಗೆ ಎಮ್ಮೆ ಹಾಲು ಏರಿಸಿಕೊಳ್ಳುತ್ತದೆ, ನಿಮಗೆ ಗೊತ್ತಿದ್ದದ್ದೇ. ಮನೆಯ ಗಂಡಸರು ಕಲಿತರೂ ತಪ್ಪೇನಿಲ್ಲ.

ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ನೋವು ಏರಿದರೆ, ಕೀವು ಬಂದರೆ, ದೃಷ್ಟಿ ಇಳಿದರೆ, ಬಾಲದ ಏಟು ಬಿದ್ದರೆ ಔಷಧ ಅಂಗಡಿಯ ಹನಿ ನಂಬದೆ ಅಂದೇ ಆಸ್ಪತ್ರೆಗೆ ಹೊರಡಿ, ಡೇರಿಗೆ ಹಾಲು ಹಾಕುವ ಹೊತ್ತಾಗಿದ್ದರೂ ಸರಿ.