ಕೊನೆಯ ಕಂತು ನೋಡಿ ಕೋಪ ಬಂದಿದ್ದು ಯಾರ ಮೇಲೆ?

ಒಂದು ಪುಸ್ತಕ ಇದೆ. ಕಪ್ಪು ರಟ್ಟಿನ ಸಾಧಾರಣ ನೋಟ್‌ಬುಕ್. ಅದರಲ್ಲಿ ಯಾರ ಹೆಸರು ಬರೆದರೆ ಅವರು 40 ಸೆಕೆಂಡಿನಲ್ಲಿ ಸಾಯ್ತಾರೆ. ಷರತ್ತು ಒಂದೇ, ಬರೆಯುವಾಗ ಆ ವ್ಯಕ್ತಿಯ ಮುಖ ನಿಮ್ಮ ಮನಸ್ಸಿನಲ್ಲಿರಬೇಕು. ಅದೇ ಹೆಸರಿನ ಬೇರೆಯವರಿಗೆ ಏನೂ ಆಗಲ್ಲ. ಸಾವಿನ ಕಾರಣ ಬರೆಯದೇ ಬಿಟ್ಟರೆ ಹೃದಯಾಘಾತ. ಇಂಥದ್ದೊಂದು ನಿಮ್ಮ ಕೈಗೆ ಸಿಕ್ಕರೆ ಏನು ಮಾಡ್ತೀರಿ?

ಇದೇ ‘ಡೆತ್ ನೋಟ್’. ನಮ್ಮ ಸುದ್ದಿಮನೆಯಲ್ಲಿ ಡೆತ್ ನೋಟ್ ಅಂದ್ರೆ ಆತ್ಮಹತ್ಯೆ ಮಾಡಿಕೊಂಡವರು ಬರೆದಿಟ್ಟ ಪತ್ರ. ಇದು ಅದಲ್ಲ, ಜಪಾನಿನ ಅನಿಮೆ, ಅಂದರೆ ಅನಿಮೇಷನ್ ಧಾರಾವಾಹಿ. ಮೊದಲು ಇದು ಮಾಂಗಾ ಆಗಿತ್ತು, ಅಂದರೆ ಚಿತ್ರಕತೆ. ಬರೆದವರು ತ್ಸುಗುಮಿ ಓಬಾ, ಚಿತ್ರ ಬಿಡಿಸಿದವರು ತಕೇಶಿ ಒಬಾತಾ. 2003ರ ಡಿಸೆಂಬರ್‌ನಿಂದ 2006ರ ಮೇವರೆಗೆ ವಾರಪತ್ರಿಕೆಯೊಂದರಲ್ಲಿ 108 ಅಧ್ಯಾಯ ಬಂತು. ಆಮೇಲೆ ಮ್ಯಾಡ್‌ಹೌಸ್ ಸ್ಟುಡಿಯೊ ಅದನ್ನು 37 ಕಂತುಗಳ ಧಾರಾವಾಹಿ ಮಾಡಿತು. ನಿರ್ದೇಶಕ ತೆತ್ಸುರೋ ಅರಾಕಿ. 2006ರ ಅಕ್ಟೋಬರ್‌ನಲ್ಲಿ ಶುರುವಾಗಿ 2007ರ ಜೂನ್‌ನಲ್ಲಿ ಮುಗೀತು. ಮುಗಿದು ಇಷ್ಟು ವರ್ಷವಾದರೂ ಅದರ ಕೊನೆಯ ಬಗ್ಗೆ ಜಗಳ ಮಾತ್ರ ಮುಗಿದಿಲ್ಲ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿಸಿಕೊಂಡು ಇದನ್ನು ನೋಡಿದವರಲ್ಲಿ ನಾನೂ ಒಬ್ಬ. ಆಗ ನಮ್ಮಲ್ಲಿ ನಡೆದ ಜಗಳವೇ ಇವತ್ತು ಹೊಸದಾಗಿ ನೋಡಿದವರ ನಡುವೆಯೂ ನಡೀತಾ ಇದೆ.

ಇನ್ನೂ ನೋಡದವರಿಗೆ ಒಂದು ಸೂಚನೆ. ಇಲ್ಲಿಂದ ಮುಂದೆ ಕತೆಯ ಗುಟ್ಟೆಲ್ಲ ಬಯಲಾಗುತ್ತೆ.

ಯಾಗಾಮಿ ಲೈಟ್ ಒಬ್ಬ ವಿದ್ಯಾರ್ಥಿ. ಓದಿನಲ್ಲಿ ಮೊದಲಿಗ, ಅಪ್ಪ ದೊಡ್ಡ ಪೊಲೀಸ್ ಅಧಿಕಾರಿ. ರ್‍ಯೂಕ್ ಅನ್ನುವ ಶಿನಿಗಾಮಿ, ಅಂದರೆ ಸಾವಿನ ದೈವ, ಬೇಜಾರು ಕಳೆಯೋಕೆ ಭೂಮಿಗೆ ಎಸೆದ ಪುಸ್ತಕ ಇವನಿಗೆ ಸಿಗುತ್ತೆ. ನಮ್ಮ ಚಿತ್ರಗುಪ್ತನ ಪುಸ್ತಕದಲ್ಲಿ ಪಾಪ ಪುಣ್ಯದ ಲೆಕ್ಕ ಇರುತ್ತೆ. ಈ ಪುಸ್ತಕಕ್ಕೆ ಲೆಕ್ಕ ಬೇಕಿಲ್ಲ, ಹೆಸರೊಂದು ಸಾಕು. ಲೆಕ್ಕ ನಾನು ಹಾಕ್ತೀನಿ ಅಂತ ಲೈಟ್ ಹೊರಡ್ತಾನೆ. ಅಪರಾಧಿಗಳನ್ನೆಲ್ಲ ಕೊಂದು ಹೊಸ ಜಗತ್ತು ಕಟ್ಟೋದು ಅವನ ಆಸೆ. ಜನ ಅವನಿಗೆ ‘ಕಿರಾ’ ಅಂತ ಹೆಸರಿಡ್ತಾರೆ. ಇಂಗ್ಲಿಷಿನ ‘ಕಿಲ್ಲರ್’ ಜಪಾನಿ ನಾಲಗೆಯಲ್ಲಿ ಹೀಗಾಗಿದೆ. ಅವನನ್ನು ಹಿಡಿಯಲು ಬರುವ ಪತ್ತೇದಾರ ‘ಎಲ್’. ಇಬ್ಬರ ಚದುರಂಗವೇ ಧಾರಾವಾಹಿಯ ಜೀವ. ಆದರೆ 25ನೇ ಕಂತಿನಲ್ಲಿ ಎಲ್ ಸತ್ತೇ ಹೋಗ್ತಾನೆ. ಉಳಿದ 12 ಕಂತುಗಳಲ್ಲಿ, ಅವನು ಬೆಳೆದ ಅನಾಥಾಲಯದಲ್ಲೇ ಬೆಳೆದ ನಿಯರ್ ಮತ್ತು ಮೆಲ್ಲೋ ಆಟ ಮುಂದುವರಿಸ್ತಾರೆ. ಕೊನೆಗೆ ಒಂದು ಗೋದಾಮಿನಲ್ಲಿ ನಿಯರ್ ಕೈಗೆ ಲೈಟ್ ಸಿಕ್ಕಿಬೀಳ್ತಾನೆ. ರ್‍ಯೂಕ್ ತನ್ನ ಪುಸ್ತಕದಲ್ಲಿ ಅವನ ಹೆಸರು ಬರೀತಾನೆ. ಕತೆ ಮುಗೀತು.

ಜಗಳ ಶುರು.

ಮೊದಲ ಗುಂಪು ಎಲ್ ಅಭಿಮಾನಿಗಳದು. ಇವರ ಪ್ರಕಾರ ಧಾರಾವಾಹಿ ಮುಗಿದಿದ್ದು 25ನೇ ಕಂತಿಗೇ, ಆಮೇಲಿನದ್ದು ಬರೀ ಎಳೆದಾಟ. ಗೆಲ್ಲಬೇಕಾದ ಎಲ್ ಸತ್ತ, ಅವನ ನಕಲಿನಂತಿರುವ ನಿಯರ್ ಗೆದ್ದ ಅನ್ನೋದು ಇವರ ಸಿಟ್ಟು. ಗೆದ್ದ ರೀತಿಯ ಮೇಲೂ ತಕರಾರಿದೆ. ನಿಯರ್ ಕಡೆಯ ಒಬ್ಬ ಅಧಿಕಾರಿ ಆ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಅಕ್ಷರಕ್ಕೆ ಅಕ್ಷರ ನಕಲು ಮಾಡಿ ಅಸಲಿ ಜಾಗದಲ್ಲಿ ಇಡ್ತಾನೆ. ಇದನ್ನು ನಂಬೋದು ಹೇಗೆ ಅಂತ ಕೇಳ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಲ್ಯಾಬ್ ರೆಕಾರ್ಡ್ ಪೂರ್ತಿ ಕಾಪಿ ಹೊಡೆದ ನನ್ನಂಥವರಿಗೆ ಅದೇನು ದೊಡ್ಡ ವಿಷಯ ಅನ್ನಿಸಲ್ಲ ಬಿಡಿ. ಈ ಗುಂಪಿನ ಆಸೆ ತೀರಿಸುವ ಕೊನೆಯೂ ಒಂದಿದೆ. ಅನಿಮೆ ಪ್ರಸಾರವಾಗುತ್ತಿದ್ದಾಗಲೇ, 2006ರ ನವೆಂಬರ್‌ನಲ್ಲಿ, ನಟರನ್ನಿಟ್ಟು ತೆಗೆದ ಡೆತ್ ನೋಟ್ ಸಿನಿಮಾದ ಎರಡನೇ ಭಾಗ ತೆರೆಗೆ ಬಂತು. ಅದರಲ್ಲಿ ಎಲ್ ತನ್ನ ಹೆಸರನ್ನು ತಾನೇ ಪುಸ್ತಕದಲ್ಲಿ ಬರೆದು 23 ದಿನದ ನಂತರದ ಸಾವನ್ನು ಗೊತ್ತುಮಾಡಿಕೊಳ್ತಾನೆ. ಹಾಗಾಗಿ ಬೇರೆ ಯಾರು ಬರೆದರೂ ಸಾಯಲ್ಲ. ಲೈಟ್‌ನನ್ನು ಹಿಡಿದ ಮೇಲೇ ಸಾಯ್ತಾನೆ.

ಎರಡನೇ ಗುಂಪಿನ ತಕರಾರು ಲೈಟ್ ಸತ್ತ ಬಗೆಯದು. ಇಲ್ಲಿ ಮಾಂಗಾ ಮತ್ತು ಅನಿಮೆ ಬೇರೆ ಬೇರೆ ದಾರಿ ಹಿಡಿದಿವೆ. ಮಾಂಗಾದಲ್ಲಿ ಅವನು ನೆಲದ ಮೇಲೆ ಬಿದ್ದು ಹೊರಳಾಡ್ತಾನೆ, ಸಾಯೋಕೆ ಇಷ್ಟ ಇಲ್ಲ ಅಂತ ರ್‍ಯೂಕ್‌ನ ಕಾಲು ಹಿಡೀತಾನೆ. ಜಗತ್ತಿಗೆಲ್ಲ ಸಾವು ಹಂಚಿದವನ ಕೊನೆಯ 40 ಸೆಕೆಂಡು ಪಕ್ಕಾ ಹೇಡಿಯದು. ಅನಿಮೆಯಲ್ಲಿ ಗುಂಡು ತಿಂದ ಲೈಟ್ ಸಂಜೆ ಬಿಸಿಲಿನಲ್ಲಿ ತೂರಾಡುತ್ತಾ ಓಡ್ತಾನೆ. ದಾರಿಯಲ್ಲಿ, ಪುಸ್ತಕ ಸಿಗುವ ಮುಂಚಿನ ವಿದ್ಯಾರ್ಥಿ ಲೈಟ್ ಎದುರಿಗೆ ಬಂದು ದಾಟಿಹೋದ ಹಾಗೆ ಕಾಣುತ್ತೆ. ಆಮೇಲೆ ಮೆಟ್ಟಿಲ ಮೇಲೆ ಒರಗ್ತಾನೆ. ಎಲ್‌ನ ನೆರಳು ಕಾಣಿಸುತ್ತೆ. ಕಣ್ಣು ಮುಚ್ಚುತ್ತೆ. ಅನಿಮೆ ಮೆಚ್ಚಿದವರು ಇದು ಅವನಿಗೆ ತಕ್ಕ ಸಾವು ಅಂತಾರೆ. ಮಾಂಗಾ ಮೆಚ್ಚಿದವರು, ಕೊಲೆಗಾರನಿಗೆ ಇಷ್ಟೊಂದು ಮರ್ಯಾದೆ ಯಾಕೆ ಅಂತ ಕೇಳ್ತಾರೆ.

ಮೂರನೇ ಗುಂಪು ನೇರವಾಗಿ ಹೇಳುತ್ತೆ: ಲೈಟ್ ಗೆಲ್ಲಬೇಕಿತ್ತು. ಅವನು ಕೊಂದಿದ್ದು ಕೆಟ್ಟವರನ್ನು ತಾನೇ? ಕತೆಯಲ್ಲಿ ಅಪರಾಧ ಕಡಿಮೆಯಾಗಿತ್ತಲ್ಲ, ಯುದ್ಧ ನಿಂತಿತ್ತಲ್ಲ?

ನನ್ನನ್ನು ಕಾಡೋದು ಈ ಮೂರನೇ ಗುಂಪು. ಯಾಕಂದ್ರೆ ಇವರು ಹೇಳೋ ಮಾತು ನನಗೆ ಹೊಸದಲ್ಲ. ಯಾವುದಾದರೂ ಭೀಕರ ಕೊಲೆಯ ಸುದ್ದಿ ಓದಿದ ರಾತ್ರಿ ವೀಕ್ಷಕರಿಂದ ಬರುವ ಪ್ರತಿಕ್ರಿಯೆ ನೋಡಿ. ‘ಇವರಿಗೆಲ್ಲ ಕೋರ್ಟ್ ಯಾಕೆ ಸಾರ್?’ ‘ಮುಗಿಸಿಬಿಡಬೇಕು ಅಷ್ಟೇ.’ ಆ ಸಿಟ್ಟು ಸುಳ್ಳಲ್ಲ. ವರ್ಷಗಟ್ಟಲೆ ಎಳೆಯುವ ವಿಚಾರಣೆ ನೋಡಿ ಸೋತವರ ಸಿಟ್ಟು ಅದು. ಅವರ ಕೈಗೆ ಆ ಪುಸ್ತಕ ಸಿಕ್ಕಿಲ್ಲ, ಅಷ್ಟೇ ವ್ಯತ್ಯಾಸ.

ಈ ಮಾತಿಗೆ ಜಪಾನಿನ ನೆಲವೂ ಹದವಾಗಿಯೇ ಇತ್ತು. ಅಲ್ಲಿ ಮರಣದಂಡನೆ ಇದೆ, ಜನರ ಬೆಂಬಲವೂ ಇದೆ. ಅಲ್ಲಿನ ಸರ್ಕಾರವೇ ನಡೆಸಿದ ಸಮೀಕ್ಷೆಗಳಲ್ಲಿ ಮರಣದಂಡನೆ ಅನಿವಾರ್ಯ ಎಂದವರು 2009ರಲ್ಲಿ ಶೇ. 85ಕ್ಕಿಂತ ಹೆಚ್ಚು, 2014ರಲ್ಲಿ ಶೇ. 80ರಷ್ಟು. ಅಂಥ ಸಮಾಜದ ಮುಂದೆ ಓಬಾ ಇಟ್ಟಿದ್ದು ಒಂದು ತಾಂತ್ರಿಕ ಪ್ರಶ್ನೆ ಅಂತ ನಾನು ಓದಿಕೊಳ್ತೀನಿ. ಶಿಕ್ಷೆ ಸರಿ ಅಂತಲೇ ಇಟ್ಟುಕೊಳ್ಳಿ. ಆದರೆ ಶಿಕ್ಷೆ ಕೊಡುವವನಿಗೆ ಮಾಹಿತಿ ಎಲ್ಲಿಂದ ಬರುತ್ತೆ? ಇಂಜಿನಿಯರಿಂಗ್‌ನಲ್ಲಿ ನಮಗೆ ಮೊದಲು ಹೇಳಿಕೊಡೋದೇ ಇದು. ಯಂತ್ರ ಎಷ್ಟೇ ನಿಖರವಾಗಿರಲಿ, ಒಳಗೆ ಹಾಕಿದ್ದು ತಪ್ಪಾದರೆ ಹೊರಗೆ ಬರೋದೂ ತಪ್ಪೇ.

ಲೈಟ್‌ಗೆ ಮಾಹಿತಿ ಎಲ್ಲಿಂದ ಬರುತ್ತೆ ಗೊತ್ತಾ? ಟಿವಿಯಿಂದ!

ಅವನು ಕೊಲ್ಲುವ ಮೊದಲ ಮನುಷ್ಯ, ಶಿಶುವಿಹಾರದಲ್ಲಿ ಜನರನ್ನು ಒತ್ತೆ ಇಟ್ಟುಕೊಂಡವನು. ಅವನ ಹೆಸರು, ಮುಖ ಎರಡೂ ಲೈಟ್‌ಗೆ ಸಿಕ್ಕಿದ್ದು ಟಿವಿ ಸುದ್ದಿಯಲ್ಲಿ. ಎಲ್ ಅವನಿಗೆ ಮೊದಲ ಬಲೆ ಬೀಸಿದ್ದೂ ಟಿವಿಯಲ್ಲೇ. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಯನ್ನು ತನ್ನ ಹೆಸರಿನಲ್ಲಿ ಪರದೆ ಮೇಲೆ ಕೂರಿಸಿ, ಇದು ಜಗತ್ತಿಗೆಲ್ಲ ನೇರಪ್ರಸಾರ ಅಂತ ಸುಳ್ಳು ಹೇಳಿ, ಕಾಂತೋ ಪ್ರದೇಶಕ್ಕೆ ಮಾತ್ರ ಬಿಡ್ತಾನೆ. ಕೈದಿ ಸತ್ತ ತಕ್ಷಣ ಕೊಲೆಗಾರ ಯಾವ ಪ್ರದೇಶದಲ್ಲಿದ್ದಾನೆ ಅಂತ ಗೊತ್ತಾಯ್ತು. ಒಳ್ಳೆಯ ಪ್ರಯೋಗ ಅಂದ್ರೆ ಇದು. ಆದರೆ ಗಮನಿಸಿ, ಅದಕ್ಕೆ ಬೆಲೆ ತೆತ್ತವನೂ ಒಬ್ಬ ಮನುಷ್ಯ. ಒಳ್ಳೆಯ ಪಕ್ಷದವನ ಕೈಯೂ ಇಲ್ಲಿ ಪೂರ್ತಿ ಶುಭ್ರವಿಲ್ಲ.

ಮುಂದೆ ‘ಸಕುರಾ ಟಿವಿ’ ಅನ್ನೋ ಚಾನೆಲ್ ಕಿರಾನ ಟೇಪುಗಳನ್ನು ಪ್ರಸಾರ ಮಾಡುತ್ತೆ, ವೀಕ್ಷಕರ ಸಂಖ್ಯೆಯ ಆಸೆಗೆ ಅವನ ಪರ ನಿಲ್ಲುತ್ತೆ. ಅಲ್ಲಿ ಕಿರಾನ ವಕ್ತಾರನಾಗಿದ್ದವನು ಕಿರಾನ ಬಂಟನ ಕೈಯಲ್ಲೇ ಸಾಯ್ತಾನೆ. ಅವನ ಜಾಗಕ್ಕೆ ಬರುವವಳು ತಕಾದಾ ಕಿಯೋಮಿ, ಸುದ್ದಿ ವಾಚಕಿ. ನನ್ನದೇ ಕೆಲಸ ಮಾಡುವವಳು. ಗಂಭೀರ ಮುಖ, ಸ್ಪಷ್ಟ ಉಚ್ಚಾರ, ನಂಬಿಕೆ ಹುಟ್ಟಿಸುವ ದನಿ. ಕೊಲೆಗಾರನಿಗೆ ಬೇಕಾಗಿದ್ದೂ ಅದೇ. ಕೆಲಸ ಮುಗಿದ ಮೇಲೆ ಲೈಟ್ ಅವಳ ಹೆಸರನ್ನೂ ಬರೆದುಬಿಡ್ತಾನೆ. ಕೊನೆಯ ಕಂತಿನ ಬಗ್ಗೆ ಎಷ್ಟೋ ಜಗಳ ಕೇಳಿದ್ದೇನೆ. ಈ ವಾಚಕಿಗಾಗಿ ಮರುಗಿದವರು ಮಾತ್ರ ನನಗೆ ಸಿಕ್ಕಿಲ್ಲ.

ಇದೆಲ್ಲ ಕತೆ ತಾನೇ ಅಂತೀರಾ? ಹಾಗಾದರೆ ಜಪಾನಿನದೇ ನಿಜವಾದ ಒಂದು ಹೆಸರು ಹೇಳ್ತೀನಿ. ಇವಾವೋ ಹಕಮಾದಾ. ಹಿಂದೆ ಬಾಕ್ಸಿಂಗ್ ಆಡುತ್ತಿದ್ದವರು, ಆಮೇಲೆ ಸೋಯಾ ಕಾಳಿನ ಮಿಸೋ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1966ರಲ್ಲಿ ಶಿಜುವೊಕಾ ಪ್ರಾಂತ್ಯದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಯಾಯ್ತು, ಇವರ ಬಂಧನವಾಯ್ತು. 1968ರಲ್ಲಿ ಗಲ್ಲು ಶಿಕ್ಷೆ. ಆ ತೀರ್ಪು ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಒಬ್ಬರು 2007ರಲ್ಲಿ, ಅಂದರೆ ಡೆತ್ ನೋಟ್ ಮುಗಿದ ವರ್ಷವೇ, ಈತ ನಿರಪರಾಧಿ ಅಂತ ನನಗೆ ಆಗಲೇ ಅನ್ನಿಸಿತ್ತು ಎಂದು ಬಹಿರಂಗವಾಗಿ ಹೇಳಿದರು. 2014ರಲ್ಲಿ ಮರುವಿಚಾರಣೆಗೆ ಆದೇಶವಾಗಿ ಹಕಮಾದಾ ಹೊರಬಂದರು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ತನಿಖೆ ಮಾಡಿದವರೇ ಸಾಕ್ಷ್ಯ ಸೃಷ್ಟಿಸಿದ್ದರು ಅಂತಲೂ ಹೇಳಿತು. ಆಗ ಅವರಿಗೆ 88 ವರ್ಷ.

ಈಗ ಆ ಪುಸ್ತಕವನ್ನು 1966ಕ್ಕೆ ಒಯ್ಯಿರಿ. ನಾಲ್ವರ ಕೊಲೆ. ಹೆಸರು ಗೊತ್ತು, ಮುಖ ಗೊತ್ತು, ಊರೆಲ್ಲ ಸಿಟ್ಟಾಗಿದೆ. ಲೈಟ್‌ಗೆ ಇನ್ನೇನು ಬೇಕು? 40 ಸೆಕೆಂಡು. ಹಕಮಾದಾ ಅವತ್ತೇ ಮುಗಿದುಹೋಗ್ತಿದ್ದರು, ಕಿರಾ ಒಬ್ಬ ಕೊಲೆಗಡುಕನನ್ನು ತೆಗೆದ ಅಂತ ಚಪ್ಪಾಳೆಯೂ ಬೀಳ್ತಿತ್ತು. 58 ವರ್ಷ ಎಳೆದ ನ್ಯಾಯಾಲಯಕ್ಕೆ ನಾಚಿಕೆಯಾಗಬೇಕು, ನಿಜ. ಆದರೆ ನಿಧಾನಕ್ಕಾದರೂ ಆ ತೀರ್ಪನ್ನು ಅಳಿಸಿ ಬರೆಯೋಕೆ ಸಾಧ್ಯವಾಯ್ತು. ಡೆತ್ ನೋಟ್‌ನಲ್ಲಿ ಬರೆದ ಹೆಸರನ್ನು ಅಳಿಸಿದರೂ ಸತ್ತವರು ಏಳಲ್ಲ.

ಅದಕ್ಕೇ ನನಗೆ ಈ ಧಾರಾವಾಹಿಯ ಕೊನೆ ಸರಿ ಅನ್ನಿಸೋದು. ನಿಯರ್ ಎಲ್‌ನಷ್ಟು ಇಷ್ಟವಾಗದೇ ಇರಬಹುದು, ಆ ಒಂದು ರಾತ್ರಿಯ ನಕಲು ನಂಬದೇ ಇರಬಹುದು. ಅವೆಲ್ಲ ಕುಸುರಿ ಕೆಲಸದ ಕೊರತೆ. ಆದರೆ ಲೈಟ್ ಸೋತಿದ್ದು ಕತೆಯ ಕೊರತೆಯಲ್ಲ. ತನಗೆ ತಪ್ಪು ಮಾಹಿತಿ ಬರಬಹುದು ಅಂತ ಒಮ್ಮೆಯೂ ಅನುಮಾನಿಸದವನು, ಕೊನೆಗೆ ಪುಸ್ತಕವೇ ನಕಲಿ ಅಂತ ಗೊತ್ತಾಗದೆ ಸಿಕ್ಕಿಬಿದ್ದ. ಅವನಿಗೆ ಗುಂಡು ಹೊಡೆಯುವ ಪೊಲೀಸ್ ಮತ್ಸುದಾನನ್ನೂ ನೋಡಿ. ಕಿರಾ ಪೂರ್ತಿ ಕೆಟ್ಟವನಲ್ಲವೇನೋ ಅಂತ ತಂಡದಲ್ಲೇ ಬಾಯಿಬಿಟ್ಟು ಹೇಳಿದ್ದವನು ಅವನು. ಅಳುತ್ತಲೇ ಗುಂಡು ಹಾರಿಸ್ತಾನೆ. ಲೈಟ್‌ನನ್ನು ಮೆಚ್ಚುತ್ತಾ ಬಂದು ಕೊನೆಗೆ ಬೆಚ್ಚಿಬಿದ್ದ ವೀಕ್ಷಕ ಅಲ್ಲಿ ನಿಂತಿದ್ದಾನೆ ಅಂತ ನನಗನ್ನಿಸುತ್ತೆ.

ಅನಿಮೆ ಬಿಟ್ಟುಬಿಟ್ಟ ಒಂದು ದೃಶ್ಯ ಮಾಂಗಾದಲ್ಲಿದೆ. ಲೈಟ್ ಸತ್ತು ಒಂದು ವರ್ಷವಾಗಿದೆ. ರಾತ್ರಿ, ಬೆಟ್ಟದ ದಾರಿಯಲ್ಲಿ ಜನ ಮೇಣದ ಬತ್ತಿ ಹಿಡಿದು ಸಾಲಾಗಿ ನಡೀತಿದ್ದಾರೆ, ಕಿರಾ ಮತ್ತೆ ಬರಲಿ ಅಂತ. ಅಲ್ಲಿಗೆ ಮಾಂಗಾ ಮುಗಿಯುತ್ತೆ. ಕೊಲೆಗಾರ ಹೋದ, ಅವನನ್ನು ಬೇಡುವವರು ಉಳಿದರು.

ಆ ಪುಸ್ತಕಕ್ಕೆ ಬೇಕಾಗಿದ್ದು ಎರಡೇ, ಒಂದು ಹೆಸರು, ಒಂದು ಮುಖ. ಅವೆರಡನ್ನೂ ನಾವು ಪ್ರತಿ ರಾತ್ರಿ ನಿಮ್ಮ ಮನೆಗೆ ತಲುಪಿಸ್ತೀವಿ. ಜೊತೆಗೆ ‘ಆರೋಪಿ’ ಅನ್ನುವ ಮೂರಕ್ಷರದ ಒಂದು ಪದವನ್ನೂ ಕೊಡ್ತೀವಿ. ‘ಅಪರಾಧಿ’ ಅಲ್ಲ, ‘ಆರೋಪಿ’. ಸುದ್ದಿ ಓದುವಾಗ ಆ ಪದದ ಮೇಲೆ ನಾನು ಯಾಕೆ ಅಷ್ಟು ಒತ್ತು ಕೊಡ್ತೀನಿ ಅಂತ ಕೇಳುವವರಿಗೆ ಇಷ್ಟೇ ಉತ್ತರ: ಪುಸ್ತಕದ ಮೇಲೆ ಪೆನ್ನು ಇಡುವ ಮುಂಚೆ ಕೈ ತಡೆಯೋಕೆ ನಮ್ಮ ಹತ್ತಿರ ಇರೋದು ಆ ಒಂದು ಪದ.