ಡೋಲೊ ನುಂಗಿ ಹಾಜರಿ

ಪೀಣ್ಯದ ಗಾರ್ಮೆಂಟ್ಸೊಂದರಲ್ಲಿ ನಾನು ಲೈನ್ ಸೂಪರ್‌ವೈಸರ್. ಮಳೆಗಾಲದಲ್ಲಿ ಒಬ್ಬಳು ಕೆಮ್ಮಿಕೊಂಡು ಬಂದರೆ ಸಾಕು, ವಾರದೊಳಗೆ ಅಕ್ಕಪಕ್ಕದ ಮಷೀನುಗಳೂ ಖಾಲಿ. "ರಜಾ ಹಾಕಮ್ಮ" ಅಂದರೆ, "ಅಟೆಂಡೆನ್ಸ್ ಬೋನಸ್ ಹೋಗತ್ತೆ ಸಾರ್" ಅಂತ ಡೋಲೊ ನುಂಗಿ ಕಾಲರ್ ಹೊಲೀತಾಳೆ. ಮಾತ್ರೆ ಜ್ವರ ಇಳಿಸುತ್ತದೆ, ಸೋಂಕು ಹರಡುವುದನ್ನು ತಡೆಯುವುದಿಲ್ಲ. ಫ್ಲೂ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡುತ್ತದೆ. ಆಮೇಲೂ 5ರಿಂದ 7 ದಿನ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರಷ್ಟೇ ಕೆಲಸಕ್ಕೆ ಕರೆಯಬೇಕು. ಅರ್ಹರಿಗೆ ಇಎಸ್‌ಐ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ ಕೊಡುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಮೊದಲ 2 ದಿನಕ್ಕೆ ಅದು ಸಿಗದು. ಫ್ಲೂನಲ್ಲಿ ಮಲಗಲೇಬೇಕಾದ ದಿನಗಳೇ ಅವು! ಆ ಸಂಬಳವನ್ನು ಮಾಲೀಕರೇ ಕೊಡಲಿ, ಬೋನಸ್ಸಿಗೂ ಕೈ ಹಾಕದಿರಲಿ. ಇಡೀ ಲೈನ್ ನಿಂತರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು.